ತಿಮಿಂಗಿಲ ಸಿಕ್ಕಿಕೊಳ್ಳದ ಲಾಬ್‌ಸ್ಟರ್ ಬೋನಿಗೆ ತೆರಿಗೆ ರಿಯಾಯಿತಿ: ಕೆಲಸಕ್ಕೆ ಬರುತ್ತಾ?

ಮೇನ್_ಲೆಕ್ಕದವಳು

ನಾನಿರುವುದು ಅಮೆರಿಕದ ಮೇನ್ ರಾಜ್ಯದಲ್ಲಿ. ಒಂದು ಸಣ್ಣ ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ. ಫೆಬ್ರವರಿ ಬಂತೆಂದರೆ ಲಾಬ್‌ಸ್ಟರ್ (ದೊಡ್ಡ ಸಿಗಡಿಯಂಥ ಕಡಲ ಪ್ರಾಣಿ) ಹಿಡಿಯುವವರು ಒಬ್ಬೊಬ್ಬರಾಗಿ ಬರುತ್ತಾರೆ. ಆದಾಯದ ಮೂರರಲ್ಲಿ ಎರಡು ಪಾಲು ಮೀನುಗಾರಿಕೆಯದ್ದೇ ಆಗಿದ್ದರೆ, ಮಾರ್ಚ್ 1ರೊಳಗೆ ರಿಟರ್ನ್ ಹಾಕಿ ತೆರಿಗೆ ಕಟ್ಟಿದವರಿಗೆ ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟುವ ರಗಳೆ ಇರುವುದಿಲ್ಲ. ಅದಕ್ಕೇ ಈ ಅವಸರ.

ಮೊನ್ನೆ ಒಬ್ಬರು ಬೂಟಿನ ಡಬ್ಬಿ ತುಂಬ ರಸೀದಿ ತಂದು ಮೇಜಿನ ಮೇಲೆ ಸುರಿದರು. ಅರ್ಧ ರಸೀದಿ ಒದ್ದೆಯಾಗಿ ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬೋನಿಗೆ ಎರೆ ಹಾಕುವ ಹೆರಿಂಗ್ ಮೀನಿನ ವಾಸನೆ ಇಡೀ ರೂಮಿಗೆ. ನಮ್ಮ ಬೂತಾಯಿ ವಾಸನೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಹೋಗುವಾಗ ಅವರು ಒಂದು ಪ್ರಶ್ನೆ ಕೇಳಿದರು: "ಹಗ್ಗ ಇಲ್ಲದ ಬೋನು ಅಂತ ಬಂದಿದೆಯಲ್ಲ, ಸರ್ಕಾರ ಅದಕ್ಕೆ ಟ್ಯಾಕ್ಸ್ ಕ್ರೆಡಿಟ್ ಕೊಟ್ಟರೆ ತಗೋ ಅಂತ ಹೇಳ್ತೀಯಾ?"

ನನಗೆ ಉತ್ತರ ಬರಲಿಲ್ಲ. ಇಲ್ಲಿ ಕರಾವಳಿಯವರೂ ಇದ್ದೀರಿ, ಸಿಎಗಳೂ ಇದ್ದೀರಿ. ನಿಮಗೇನನ್ನಿಸುತ್ತದೆ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಲಾಬ್‌ಸ್ಟರ್ ಬೋನು ಕಡಲ ತಳದಲ್ಲಿ ಕೂರುತ್ತದೆ. ಅದಕ್ಕೆ ಕಟ್ಟಿದ ಹಗ್ಗ ನೆಟ್ಟಗೆ ಮೇಲೆ ಬಂದು ಒಂದು ತೇಲುವ ಬುರುಡೆಗೆ ಸೇರುತ್ತದೆ. ಬುರುಡೆ ಹುಡುಕು, ಹಗ್ಗ ಎಳೆ, ಬೋನು ಬಂತು. ಆ ನಿಂತ ಹಗ್ಗಕ್ಕೆ ರೈಟ್ ಎಂಬ ಜಾತಿಯ ತಿಮಿಂಗಿಲ ಸಿಕ್ಕಿಕೊಳ್ಳುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಈಗ ಉಳಿದಿರುವುದು ಸುಮಾರು 380 ಮಾತ್ರ. ಮರಿ ಹಾಕುವ ಹೆಣ್ಣು 70ರ ಆಸುಪಾಸು. 100ರಲ್ಲಿ 85ಕ್ಕೂ ಹೆಚ್ಚು ತಿಮಿಂಗಿಲಗಳು ಜೀವನದಲ್ಲಿ ಒಮ್ಮೆಯಾದರೂ ಹಗ್ಗಕ್ಕೆ ಸಿಕ್ಕಿಕೊಂಡಿವೆ. ಅದು ಮೈಮೇಲಿನ ಗಾಯದ ಕಲೆಯಿಂದ ಗೊತ್ತಾಗುತ್ತದೆ.

ಹಗ್ಗ ಇಲ್ಲದ ಬೋನಿನಲ್ಲಿ ಬುರುಡೆಯೂ ಕೆಳಗೇ ಒಂದು ಪೆಟ್ಟಿಗೆಯಲ್ಲಿ ಇರುತ್ತದೆ. ದೋಣಿಯಿಂದ ಶಬ್ದದ ಸಂಕೇತ ಕಳಿಸಿದರೆ ಬಿಚ್ಚಿಕೊಂಡು ಮೇಲೆ ಬರುತ್ತದೆ.

ಸಿಎ_ಬಸವನಗುಡಿ

ಮೇಡಂ, ಮೊದಲು ಒಂದು ಸ್ಪಷ್ಟ ಮಾಡಿಕೊಳ್ಳೋಣ. ಯಂತ್ರೋಪಕರಣ ಕೊಂಡ ವರ್ಷವೇ ಪೂರ್ತಿ ಖರ್ಚು ತೋರಿಸುವ ಅವಕಾಶ ನಿಮ್ಮಲ್ಲಿ ಇದೆ ಅಲ್ವಾ, ಸೆಕ್ಷನ್ 179? ಹಾಗಿದ್ದರೆ ಹೊಸದಾಗಿ ರಿಯಾಯಿತಿ ಯಾಕೆ?

ಮೇನ್_ಲೆಕ್ಕದವಳು

ಇದೆ ಸರ್. ಆದರೆ ಅದು ಆದಾಯದಿಂದ ಕಳೆಯುವುದು, ಕ್ರೆಡಿಟ್‌ನ ಹಾಗೆ ತೆರಿಗೆಯಿಂದಲೇ ಕಳೆಯುವುದಲ್ಲ. ನಮ್ಮವರೆಲ್ಲ ಸ್ವಂತ ಕಸುಬಿನವರು. ಆದಾಯ ತೆರಿಗೆ 12 ಅಥವಾ 22 ಪರ್ಸೆಂಟ್, ಅದರ ಮೇಲೆ ಸ್ವಉದ್ಯೋಗದ ತೆರಿಗೆ 15.3 ಪರ್ಸೆಂಟ್. 10,000 ಡಾಲರಿನ ಸಾಮಾನು ತಂದರೆ ಫೆಡರಲ್ ತೆರಿಗೆಯಲ್ಲಿ ಎರಡೂವರೆಯಿಂದ ಮೂರೂವರೆ ಸಾವಿರ ಉಳಿಯಬಹುದು. ಮಿಕ್ಕಿದ್ದು ಜೇಬಿಂದಲೇ. ಮತ್ತೆ ಆ ವರ್ಷ ಲಾಭವೇ ಇಲ್ಲದಿದ್ದರೆ 179ರಲ್ಲಿ ಕಳೆಯುವುದಕ್ಕೂ ಏನೂ ಇರುವುದಿಲ್ಲ.

ಇಲ್ಲಿಯ ವರ್ಷಗಳು ಎಷ್ಟು ಏರುಪೇರು ನೋಡಿ. 2021ರಲ್ಲಿ ಮೇನ್‌ನಲ್ಲಿ ಇಳಿಸಿದ ಲಾಬ್‌ಸ್ಟರ್ ಬೆಲೆ 70 ಕೋಟಿ ಡಾಲರ್ ದಾಟಿತ್ತು. ಮರುವರ್ಷ 40 ಕೋಟಿಗಿಂತ ಕೆಳಗೆ ಬಿತ್ತು. ಅದೇ ದೋಣಿ, ಅದೇ ಬೋನು. ಎರೆ ಮತ್ತು ಡೀಸೆಲ್ ಬೆಲೆ ಮಾತ್ರ ಮೇಲೆ.

ಕಡಲ_ಹುಚ್ಚ

ಅಷ್ಟೊಂದು ಕೋಟಿ ದುಡಿಯುವ ಉದ್ಯಮಕ್ಕೆ ಜನರ ತೆರಿಗೆ ಹಣ ಯಾಕೆ ಕೊಡಬೇಕು? ತಿಮಿಂಗಿಲ ಸಾಯಿಸುತ್ತಿರುವುದು ಅವರು. ಕಾನೂನು ಮಾಡಿ, ಪಾಲಿಸಿ ಅನ್ನಿ, ಮುಗಿಯಿತು. 2024ರ ಜನವರಿಯಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ದಂಡೆಗೆ ಒಂದು ಹೆಣ್ಣು ತಿಮಿಂಗಿಲ ಸತ್ತು ಬಂತು. ನಂಬರ್ 5120. ಮೂರು ವರ್ಷದ ಮರಿ. ಬಾಲದ ಬುಡಕ್ಕೆ ಹಗ್ಗ ಸುತ್ತಿ ಮಾಂಸದೊಳಗೆ ಹುಗಿದುಹೋಗಿತ್ತು. ಅದನ್ನು 2022ರ ಆಗಸ್ಟಿನಲ್ಲೇ ಹಗ್ಗದ ಸಮೇತ ನೋಡಿದ್ದರು. ಅಂದರೆ ಒಂದೂವರೆ ವರ್ಷ ಎಳೆದುಕೊಂಡು ಈಜಿದೆ. ಬೆಳೆಯುತ್ತಾ ಹೋದ ಹಾಗೆ ಹಗ್ಗ ಬಿಗಿಯುತ್ತಾ ಹೋಗಿದೆ. ಆ ಹಗ್ಗದಲ್ಲಿ ನೇರಳೆ ಬಣ್ಣದ ಗುರುತು ಇತ್ತು. ನೇರಳೆ ಯಾವ ರಾಜ್ಯದವರು ಹಗ್ಗಕ್ಕೆ ಹಾಕುವ ಬಣ್ಣ ಅಂತ ನಿಮಗೇ ಗೊತ್ತು.

ಮೇನ್_ಲೆಕ್ಕದವಳು

ಗೊತ್ತು. ಮೇನ್‌ದೇ. ಆ ಸುದ್ದಿ ಬಂದ ವಾರ ಇಲ್ಲಿ ಕಾಫಿ ಅಂಗಡಿಯಲ್ಲೂ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಲ್ಲಿಯವರೆಗೆ ಇಲ್ಲಿಯ ಮೀನುಗಾರರ ವಾದ ಒಂದೇ ಇತ್ತು: 2004ರ ನಂತರ ನಮ್ಮ ಹಗ್ಗದಲ್ಲಿ ಒಂದೂ ರೈಟ್ ತಿಮಿಂಗಿಲ ಸಿಕ್ಕಿದ್ದು ದಾಖಲಾಗಿಲ್ಲ ಅಂತ. ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಆ ನೇರಳೆ ಗುರುತು ಹಾಕಿದವರೂ ಇವರೇ. ಚಳಿಗಾಲದಲ್ಲಿ ಶೆಡ್ಡಿನಲ್ಲಿ ಕೂತು ಒಂದೊಂದು ಹಗ್ಗಕ್ಕೂ ಹಾಕಿದ್ದಾರೆ. ಗುರುತೇ ಇಲ್ಲದ ಹಗ್ಗ ಸಿಕ್ಕಿದ್ದರೆ ಯಾರದ್ದು ಅಂತ ಹೇಳುವುದಕ್ಕೇ ಆಗುತ್ತಿರಲಿಲ್ಲ.

ಮಲ್ಪೆ_ಬಂದರು

ಕಡಲ ಹುಚ್ಚರೇ, ಪಾಲಿಸಿ ಅನ್ನಿ ಮುಗಿಯಿತು ಅಂತ ಬರೆಯುವುದು ಸುಲಭ ಮಾರಾಯ್ರೆ. ನಮ್ಮ ಮನೆಯಲ್ಲಿ ಟ್ರಾಲ್ ಬೋಟು ಇದೆ. ಆಮೆ ತಪ್ಪಿಸಿಕೊಳ್ಳುವ ಟೆಡ್ ಅಂತ ಸಾಧನದ ಮಾತು ನಾವೂ ಕೇಳುತ್ತಾ ಬಂದಿದ್ದೇವೆ. ಬಲೆಯ ಬಾಯಿಂದ ಆಚೆ ಒಂದು ಕಂಬಿಯ ಚೌಕಟ್ಟು, ಆಮೆ ಅದಕ್ಕೆ ತಾಗಿ ಮೇಲಿನ ಕಿಂಡಿಯಲ್ಲಿ ಹೊರಗೆ ಹೋಗಬೇಕು. ಅದಿಲ್ಲ ಅಂತಲೇ ಅಮೆರಿಕ ಭಾರತದ ಕಡಲ ಸಿಗಡಿ ತಗೊಳ್ಳುವುದು ನಿಲ್ಲಿಸಿ ವರ್ಷಗಳಾದವು. ಆಮೆಯ ಜೊತೆ ಒಳ್ಳೆ ದೊಡ್ಡ ಮೀನೂ ಆಚೆ ಹೋಗುತ್ತದೆ ಎಂಬ ಭಯ ಬೋಟು ನಡೆಸುವ ನಮ್ಮ ತಾಂಡೇಲರಿಗೆ. ನಿಜವೋ ಸುಳ್ಳೋ ಆಮೇಲೆ, ಭಯ ಅಂತೂ ಇದೆ. ಸಾಧನ ಪುಕ್ಕಟೆ ಕೊಟ್ಟರೂ ಆ ಭಯ ಹೋಗುವುದಿಲ್ಲ.

ಅಕ್ಕ, ನಿಮ್ಮ ಕಡೆ ಆ ಪೆಟ್ಟಿಗೆಗೆ ಎಷ್ಟು ಬೆಲೆ? ಒಬ್ಬರಿಗೆ ಎಷ್ಟು ಬೋನು?

ಮೇನ್_ಲೆಕ್ಕದವಳು

ಒಬ್ಬರಿಗೆ ಗರಿಷ್ಠ 800 ಬೋನು ತಮ್ಮ. ಪೆಟ್ಟಿಗೆ ಒಂದಕ್ಕೆ ಕೆಲವು ಸಾವಿರ ಡಾಲರ್. ಲೆಕ್ಕಕ್ಕೆ 4,000 ಅಂತ ಇಟ್ಟುಕೊಳ್ಳಿ. ಒಂದು ಸರಕ್ಕೆ 20 ಬೋನು ಕಟ್ಟುವ ದೂರ ಕಡಲಿನವರಿಗೆ 40 ಸರ ಆಯಿತು. ಸರಕ್ಕೆ ಒಂದೇ ಪೆಟ್ಟಿಗೆ ಹಾಕಿದರೂ 1,60,000 ಡಾಲರ್. ದಡದ ಹತ್ತಿರ ಬಂಡೆಗಳ ಮಧ್ಯೆ ಎರಡೋ ಮೂರೋ ಬೋನು ಕಟ್ಟಿ ಬಿಡುವವರ ಲೆಕ್ಕ ನಾನು ಹಾಕುವುದೇ ಇಲ್ಲ, ಮನೆ ಮಾರಬೇಕು.

ಈಗ 30 ಪರ್ಸೆಂಟ್ ಕ್ರೆಡಿಟ್ ಕೊಟ್ಟರು ಅಂದುಕೊಳ್ಳಿ (ಇದು ನನ್ನ ಊಹೆಯ ಯೋಜನೆ, ಹೀಗೊಂದು ಇದೆ ಅಂತಲ್ಲ). 48,000 ಡಾಲರ್. ಕೇಳುವುದಕ್ಕೆ ಚೆಂದ. ಆದರೆ ಆ ಮನುಷ್ಯನ ಆ ವರ್ಷದ ಆದಾಯ ತೆರಿಗೆಯೇ 9,000 ಇದ್ದರೆ? ಮಾಮೂಲಿ ಕ್ರೆಡಿಟ್ ಆದರೆ 9,000 ಮಾತ್ರ ಸಿಗುತ್ತದೆ. ಉಳಿದದ್ದು ಮುಂದಿನ ವರ್ಷಗಳಿಗೆ ಎಳೆದುಕೊಂಡು ಹೋಗಬೇಕು. ಸಾಲದ ಕಂತು ಮಾತ್ರ ಈ ತಿಂಗಳಿಂದಲೇ ಶುರು.

ಸಿಎ_ಬಸವನಗುಡಿ

ಅಂದರೆ ತೆರಿಗೆ ಇಲ್ಲದಿದ್ದರೂ ಮಿಕ್ಕ ಹಣ ಕೈಗೆ ವಾಪಸ್ ಕೊಡುವ ತರಹದ ಕ್ರೆಡಿಟ್ ಆಗಬೇಕು. ಇಲ್ಲದಿದ್ದರೆ ಚೆನ್ನಾಗಿ ದುಡಿಯುವ ನಾಲ್ಕು ದೊಡ್ಡ ದೋಣಿಗಳಿಗೆ ಉಡುಗೊರೆ ಕೊಟ್ಟ ಹಾಗೆ. ಈ ತರಹದ ರಿಯಾಯಿತಿಗಳಲ್ಲಿ ನಾನು ಯಾವಾಗಲೂ ನೋಡುವುದು ಇದನ್ನೇ. ಯಾರಿಗೆ ಬೇಕೋ ಅವರಿಗೆ ತೆರಿಗೆಯೇ ಇರುವುದಿಲ್ಲ.

ನೇರ ಸಹಾಯಧನ ಕೊಟ್ಟರೆ ಆಗದಾ?

ಮೇನ್_ಲೆಕ್ಕದವಳು

ಕೊಟ್ಟಿದ್ದೂ ಇದೆ, ಹಗ್ಗ ಬದಲಾಯಿಸುವ ಖರ್ಚಿಗೆ ಅಂತ. ತಮಾಷೆ ಏನೆಂದರೆ ಸಹಾಯಧನ ಬಂದರೆ ಅದೂ ಆದಾಯ. ಮುಂದಿನ ಫೆಬ್ರವರಿಯಲ್ಲಿ ಫಾರಂ ಹಿಡಿದುಕೊಂಡು ಬಂದು "ಇದೇನು, ಕೊಟ್ಟ ಹಣಕ್ಕೂ ಟ್ಯಾಕ್ಸಾ?" ಅಂತ ನನ್ನ ಮುಖ ನೋಡುತ್ತಾರೆ. ನಾನೇ ಕಾನೂನು ಮಾಡಿದ ಹಾಗೆ! ಸಾಮಾನಿಗೆ ಖರ್ಚು ಮಾಡಿದ್ದರೆ ಸರಿದೂಗುತ್ತದೆ, ಅದಕ್ಕೆ ರಸೀದಿ ಬೇಕು. ರಸೀದಿ ಬೂಟಿನ ಡಬ್ಬಿಯಲ್ಲಿ ಹೆರಿಂಗ್ ಜೊತೆ.

ಮಲ್ಪೆ_ಬಂದರು

ಇದಕ್ಕೆ ನಮ್ಮದೊಂದು ಅನುಭವ ಹೇಳುತ್ತೇನೆ. ಬೋಟುಗಳಿಗೆ ಕರರಹಿತ ಡೀಸೆಲ್ ಇದೆಯಲ್ಲ. ಮೊದಲು ಹೇಗಿತ್ತು ಅಂದರೆ ನಾವು ಬಂಕಿನಲ್ಲಿ ಪೂರ್ತಿ ದುಡ್ಡು ಕೊಟ್ಟು ಹಾಕಿಸಬೇಕು, ತೆರಿಗೆಯ ಪಾಲು ಆಮೇಲೆ ಬ್ಯಾಂಕಿಗೆ ಬರುತ್ತದೆ. ಆಮೇಲೆ ಅಂದರೆ ಯಾವಾಗ ಅಂತ ಕೇಳಬೇಡಿ. ಒಂದು ಸಲ ಅಪ್ಪ ಕಚೇರಿಗೆ ಮೂರು ಸಲ ಹೋಗಿ ಬಂದರು. ನಾಲ್ಕನೇ ಸಲ ಪಾಸ್‌ಬುಕ್ಕಿನಲ್ಲಿ ಒಂದು ಸೀಲು ಇಲ್ಲ ಅಂದರಂತೆ. ಅಷ್ಟರಲ್ಲಿ ಆ ದುಡ್ಡಿಗೆ ಬಡ್ಡಿ ಕಟ್ಟಿ ಆಗಿತ್ತು. ಆಮೇಲೆ ಬಂಕಿನಲ್ಲೇ ತೆರಿಗೆ ಕಳೆದು ಕೊಡುವ ಪದ್ಧತಿ ಬಂತು. ಲೀಟರಿಗೆ ಉಳಿಯುವ ದುಡ್ಡು ಅಷ್ಟೇ. ಆದರೆ ಮೀನುಗಾರನಿಗೆ ಎರಡೂ ಒಂದೇ ಅಲ್ಲ, ಅಜಗಜಾಂತರ.

ನಿಮ್ಮ ಕ್ರೆಡಿಟ್ ಏನಿದ್ದರೂ ಅಂಗಡಿಯಲ್ಲೇ ಬೆಲೆಯಲ್ಲಿ ಕಳೆಯಲಿ. ಇಲ್ಲದಿದ್ದರೆ ಬೇಡ.

ಮೇನ್_ಲೆಕ್ಕದವಳು

ತಮ್ಮ, ನೀವು ಹೇಳಿದ್ದು ಓದಿ ಒಂದು ನೆನಪಾಯಿತು. ಇಲ್ಲಿ ಎಲೆಕ್ಟ್ರಿಕ್ ಕಾರಿಗೆ 7,500 ಡಾಲರ್ ಕ್ರೆಡಿಟ್ ಇತ್ತು. ಮೊದಲು ರಿಟರ್ನ್ ಹಾಕುವವರೆಗೆ ಕಾಯಬೇಕಿತ್ತು. 2024ರಿಂದ ಅದನ್ನು ಕಾರು ಮಾರುವವನಿಗೇ ವರ್ಗಾಯಿಸಿ, ಬೆಲೆಯಲ್ಲೇ ಕಳೆಸಿಕೊಳ್ಳಬಹುದು ಅಂತ ಮಾಡಿದರು. ಕೊಂಡವನ ತೆರಿಗೆ 7,500ಕ್ಕಿಂತ ಕಡಿಮೆ ಇದ್ದರೂ ವಾಪಸ್ ಕೇಳುತ್ತಿರಲಿಲ್ಲ. 2025ರ ಸೆಪ್ಟೆಂಬರ್ 30ಕ್ಕೆ ಆ ಯೋಜನೆಯೇ ಮುಗಿಯಿತು, ಆ ಮಾತು ಬೇರೆ. ಆದರೆ ದಾರಿ ಇದೆ ಅಂತ ಗೊತ್ತಾಯಿತಲ್ಲ. ಕಾರಿಗೆ ಆಗುವುದು ಬೋನಿಗೆ ಯಾಕೆ ಆಗಬಾರದು?

ಬಾಸ್ಟನ್_ಇಂಜಿನಿಯರ್

ಬೆಲೆಯ ವಿಷಯ ಇರಲಿ, ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಅಂತ ನಾನು ಒಮ್ಮೆ ದೋಣಿಯಲ್ಲಿ ಹೋಗಿ ನೋಡಿದ್ದೇನೆ. ನನ್ನ ಕೆಲಸ ಶಬ್ದದ ಸೆನ್ಸರ್‌ಗಳದ್ದು, ಹಾಗಾಗಿ ಸ್ನೇಹಿತರೊಬ್ಬರು ಕರೆದಿದ್ದರು.

ಟ್ಯಾಬ್ಲೆಟ್‌ನಲ್ಲಿ ನಕ್ಷೆ, ಅದರ ಮೇಲೆ ಚುಕ್ಕೆ. ಚುಕ್ಕೆಯ ಹತ್ತಿರ ದೋಣಿ ನಿಲ್ಲಿಸಿ, ನೀರಿಗೆ ಒಂದು ಮೈಕು ಇಳಿಸಿ, ಬಟನ್ ಒತ್ತಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಕೆಳಗಿನಿಂದ ಉತ್ತರ ಬಂತು ಅಂತ ಪರದೆ ತೋರಿಸಿತು. ಆಮೇಲೆ ಎಲ್ಲರೂ ನೀರು ನೋಡುತ್ತಾ ನಿಂತೆವು. ನಾನು ಮೊಬೈಲಿನಲ್ಲಿ ಗಡಿಯಾರ ಹಾಕಿದ್ದೆ. 3 ನಿಮಿಷ ಚಿಲ್ಲರೆ ಆದ ಮೇಲೆ ಹಳದಿ ಚೀಲವೊಂದು ಗಾಳಿ ತುಂಬಿಕೊಂಡು ಬುಳಕ್ ಅಂತ ಮೇಲೆ ಬಂತು, ನಾವು ನೋಡುತ್ತಿದ್ದ ಕಡೆ ಅಲ್ಲ, ಬೆನ್ನ ಹಿಂದೆ. ನನಗೆ ಚಪ್ಪಾಳೆ ತಟ್ಟುವ ಹಾಗೆ ಆಯಿತು. ದೋಣಿಯಾತ ಮಾತ್ರ ಗಡಿಯಾರ ನೋಡಿ "ಇಷ್ಟರಲ್ಲಿ ನಾನು ಒಂದು ಸರ ಎತ್ತಿ ಮುಂದಿನದಕ್ಕೆ ಹೋಗಿರುತ್ತಿದ್ದೆ" ಅಂದ. ಆಮೇಲೆ ಚೀಲ ಮಡಚಿ, ಸಿಲಿಂಡರ್ ಬದಲಾಯಿಸಿ, ಮತ್ತೆ ಪೆಟ್ಟಿಗೆಗೆ ತುರುಕುವ ಕೆಲಸ ಬೇರೆ. ಕೈಗವಸು ಹಾಕಿಕೊಂಡು, ದೋಣಿ ಓಲಾಡುತ್ತಿರುವಾಗ. ಜನವರಿಯ ಚಳಿಯಲ್ಲಿ ಇದನ್ನು ದಿನಕ್ಕೆ 20 ಸಲ ಮಾಡಿ ಅಂತ ನನಗೆ ಹೇಳಿದರೆ ನಾನು ಕೆಲಸ ಬಿಡುತ್ತೇನೆ.

ಇನ್ನೊಂದು. ಮೇಲೆ ಬುರುಡೆ ಇಲ್ಲದಿದ್ದರೆ ಪಕ್ಕದವನಿಗೆ ನಿನ್ನ ಬೋನು ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಅವನು ತನ್ನ ಸರ ನಿನ್ನದರ ಮೇಲೆ ಬಿಡುತ್ತಾನೆ. ಬಲೆ ಎಳೆಯುವ ದೋಣಿ ಬಂದರಂತೂ ಎಲ್ಲ ಬಾಚಿಕೊಂಡು ಹೋಯಿತು. ಎಲ್ಲರ ಟ್ಯಾಬ್ಲೆಟ್ಟಿನಲ್ಲೂ ಎಲ್ಲರ ಚುಕ್ಕೆ ಕಾಣಬೇಕು. ಆದರೆ ಲಾಬ್‌ಸ್ಟರ್ ಎಲ್ಲಿ ಸಿಗುತ್ತದೆ ಅನ್ನುವುದನ್ನು ಇವರು ಸ್ವಂತ ತಮ್ಮನಿಗೂ ಹೇಳುವುದಿಲ್ಲ.

ಮಲ್ಪೆ_ಬಂದರು

ಹಹ್ಹಾ, ಅದು ಎಲ್ಲಾ ಕಡೆ ಒಂದೇ. ನಮ್ಮಲ್ಲೂ ಮೀನು ಸಿಕ್ಕಿದ ಜಾಗ ಕೇಳಿದರೆ ವೈರ್‌ಲೆಸ್ಸಿನಲ್ಲಿ ಸುಳ್ಳೇ ಬರುವುದು.

ಒಂದು ಪ್ರಶ್ನೆ. ನಿಮ್ಮಲ್ಲಿ ಬೋಟಿನಲ್ಲಿ ದುಡಿಯುವ ಕಲಾಸಿಗೆ ಸಂಬಳವೋ ಪಾಲೋ? ಪಾಲು ಆದರೆ ನಿಧಾನ ಆದಷ್ಟೂ ಅವನಿಗೆ ಹೊಡೆತ. ಕ್ರೆಡಿಟ್ ಸಿಗುವುದು ಬೋಟಿನ ಯಜಮಾನನಿಗೆ.

ಮೇನ್_ಲೆಕ್ಕದವಳು

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಪಾಲೇ. ದೋಣಿಯ ಹಿಂದೆ ನಿಂತು ಬೋನಿಗೆ ಎರೆ ತುಂಬುವವನನ್ನು ಇಲ್ಲಿ ಸ್ಟರ್ನ್‌ಮನ್ ಅನ್ನುತ್ತಾರೆ. ತೆರಿಗೆ ಕಾನೂನಿನಲ್ಲಿ ಅವನೂ ಸ್ವಉದ್ಯೋಗಿಯೇ, ಅವನ ಪಾಲಿಗೆ ಬೇರೆ ಫಾರಂ ಬರುತ್ತದೆ. ಬೋನು ಅವನದಲ್ಲ, ಹಾಗಾಗಿ ಬೋನಿನ ಮೇಲಿನ ಯಾವ ಕ್ರೆಡಿಟ್ಟೂ ಅವನಿಗೆ ಬರಲ್ಲ. ದಿನಕ್ಕೆ 300 ಎತ್ತುತ್ತಿದ್ದ ದೋಣಿ 200 ಎತ್ತಿದರೆ ಯಜಮಾನನ ನಷ್ಟದಲ್ಲಿ ಸ್ವಲ್ಪ ಸರ್ಕಾರ ತುಂಬುತ್ತದೆ. ಇವನದ್ದನ್ನು ಯಾರು ತುಂಬುತ್ತಾರೆ? ಇವರಲ್ಲಿ ಎಷ್ಟೋ ಜನ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು.

ಕಡಲ_ಹುಚ್ಚ

ಎಲ್ಲರ ನಷ್ಟವೂ ಲೆಕ್ಕಕ್ಕೆ ಬಂತು, ತಿಮಿಂಗಿಲದ್ದು ಬಿಟ್ಟು. 2017ರಲ್ಲಿ ಒಂದೇ ವರ್ಷ 17 ಸತ್ತವು. ಮೂರು ವರ್ಷಕ್ಕೊಂದು ಮರಿ ಹಾಕಬೇಕಾದ ಹೆಣ್ಣು ಈಗ ಆರು, ಏಳು, ಹತ್ತು ವರ್ಷಕ್ಕೊಂದು ಹಾಕುತ್ತಿವೆ. ಹಗ್ಗ ಎಳೆದುಕೊಂಡು ಈಜಿ ಈಜಿ ಮೈಯಲ್ಲಿ ಕೊಬ್ಬೇ ಉಳಿಯದಿದ್ದರೆ ಮರಿ ಎಲ್ಲಿಂದ? 2022ರ ಕೊನೆಗೆ ಅಲ್ಲಿಯ ಸಂಸತ್ತು ಖರ್ಚಿನ ಮಸೂದೆಯೊಳಗೆ ಒಂದು ಸಾಲು ಸೇರಿಸಿ, ತಿಮಿಂಗಿಲ ಉಳಿಸಲು ಲಾಬ್‌ಸ್ಟರ್ ಹಿಡಿಯುವವರ ಮೇಲೆ ಬರಬೇಕಿದ್ದ ಹೊಸ ನಿಯಮವನ್ನೇ 2028ರ ಕೊನೆಯವರೆಗೆ ಮುಂದೂಡಿತು. ಆರು ವರ್ಷ! ನಿಯಮ ಇಲ್ಲದಿರುವಾಗ ಕ್ರೆಡಿಟ್ ಕೊಟ್ಟರೆ ಯಾರು ತಗೊಳ್ಳುತ್ತಾರೆ?

ಬಾಸ್ಟನ್_ಇಂಜಿನಿಯರ್

ಇದಕ್ಕೆ ಮಾತ್ರ ನಾನು ನಿಮ್ಮ ಪಕ್ಷ. ಆದರೆ ಕೋಲು ಒಂದೇ ಅಲ್ಲ, ಬೆಲ್ಲವೂ ಇದೆ, ಮತ್ತು ಅದು ತೆರಿಗೆಯದ್ದಲ್ಲ. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಫೆಬ್ರವರಿಯಿಂದ ವಸಂತದವರೆಗೆ ಕಡಲಿನ ದೊಡ್ಡ ಭಾಗದಲ್ಲಿ ನಿಂತ ಹಗ್ಗದ ಬೋನು ಬಿಡುವಂತಿಲ್ಲ, ತಿಮಿಂಗಿಲಗಳು ಕೇಪ್ ಕಾಡ್ ಕೊಲ್ಲಿಗೆ ಬರುವ ಕಾಲ. ಆಗ ವಿಶೇಷ ಪರವಾನಗಿ ಪಡೆದ ಕೆಲವರು ಹಗ್ಗ ಇಲ್ಲದ ಬೋನು ಬಿಟ್ಟು ಹಿಡಿಯುತ್ತಾರೆ. ಬೇರೆಯವರ ದೋಣಿ ದಡದಲ್ಲಿ ಕಟ್ಟಿರುತ್ತದೆ, ಇವರದ್ದು ಕಡಲಲ್ಲಿ. ಮಾರುಕಟ್ಟೆಯಲ್ಲಿ ಲಾಬ್‌ಸ್ಟರ್ ಕಡಿಮೆ, ಬೆಲೆ ಜಾಸ್ತಿ. ಪೆಟ್ಟಿಗೆಯ ದುಡ್ಡು ಅಲ್ಲಿ ಹುಟ್ಟುತ್ತದೆ. ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯ ಏಡಿ ಹಿಡಿಯುವವರೂ, ಕ್ಯಾಲಿಫೋರ್ನಿಯಾದ ಏಡಿಯವರೂ ಮುಚ್ಚಿದ ಜಾಗದಲ್ಲಿ ಹೀಗೇ ಮಾಡಿ ನೋಡಿದ್ದಾರೆ.

ಹಾಂ, ಆ ಪರವಾನಗಿ ಯಾಕೆ ಬೇಕು ಗೊತ್ತಾ? ಬೋನಿಗೆ ನೀರಿನ ಮೇಲೆ ಗುರುತು ಇರಲೇಬೇಕು ಅಂತ ನಿಯಮ ಇದೆ. ಗುರುತಿಲ್ಲದ ಬೋನಿಗೆ ರಿಯಾಯಿತಿ ಕೊಟ್ಟು, ಆಮೇಲೆ ಗುರುತಿಲ್ಲ ಅಂತ ದಂಡ ಹಾಕುವಂತಾಗಬಾರದು ತಾನೆ.

ಸುಮ್ನೆ_ಓದುಗ

ಇಷ್ಟೊಂದು ಬೇಕಾ? ಹಗ್ಗವನ್ನೇ ಸ್ವಲ್ಪ ದುರ್ಬಲ ಮಾಡಿದರೆ ತಿಮಿಂಗಿಲ ಎಳೆದಾಗ ತುಂಡಾಗುತ್ತದೆ, ಮುಗೀತು.

ಮೇನ್_ಲೆಕ್ಕದವಳು

ಅದು 2022ರಿಂದ ಕಡ್ಡಾಯವೇ. 1,700 ಪೌಂಡ್ ಎಳೆತಕ್ಕೆ ತುಂಡಾಗುವ ಹಗ್ಗ, ಇಲ್ಲವೇ ಮಾಮೂಲಿ ಹಗ್ಗದಲ್ಲಿ ನಡುನಡುವೆ ಅಂಥ ತುಂಡು ಸೇರಿಸಬೇಕು. ಅಗ್ಗ, ಅದಕ್ಕೆ ಯಾರೂ ಕ್ರೆಡಿಟ್ ಕೇಳುತ್ತಿಲ್ಲ. ಆದರೆ ದೊಡ್ಡ ತಿಮಿಂಗಿಲ ತುಂಡು ಮಾಡಬಹುದು, ಮರಿಗೆ ಆ ಬಲ ಎಲ್ಲಿ? 5120 ಕೂಡ ಮರಿಯೇ.

ಸಿಎ_ಬಸವನಗುಡಿ

ಹಾಗಾದರೆ ಮೇಡಂ, ನಿಮ್ಮ ಕಕ್ಷಿದಾರರಿಗೆ ಏನು ಹೇಳುತ್ತೀರಿ? ನನ್ನ ಅಭಿಪ್ರಾಯ ಇಷ್ಟು. ಅಂಗಡಿಯಲ್ಲೇ ಕಳೆಯುವ, ತೆರಿಗೆ ಇಲ್ಲದವನಿಗೂ ಪೂರ್ತಿ ಸಿಗುವ ಕ್ರೆಡಿಟ್ ಆದರೆ ಸರಿ. ಅದೂ ಬೋನಿನ ಸಂಖ್ಯೆಗೆ ಮಿತಿ ಹಾಕಿ, ಸಣ್ಣವರಿಗೆ ಹೆಚ್ಚು ಪರ್ಸೆಂಟ್. ಬೇರೆ ಯಾವ ರೂಪದಲ್ಲಿ ಬಂದರೂ ಸಾಲ ಮಾಡಬೇಡಿ ಅನ್ನಿ.

ಕಡಲ_ಹುಚ್ಚ

ಮತ್ತೆ 2028 ಮುಗಿಯುವ ಮುಂಚೆ ತಗೊಂಡವರಿಗೆ ಮಾತ್ರ. ಆಮೇಲೆ ಕೊಟ್ಟರೆ ತಡ ಮಾಡಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ.

ಮಲ್ಪೆ_ಬಂದರು

ಕಲಾಸಿಯದ್ದು ಮರೆಯಬೇಡಿ.

ಮೇನ್_ಲೆಕ್ಕದವಳು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅವರು ರಿಟರ್ನಿಗೆ ಸಹಿ ಹಾಕಲು ಬಂದಿದ್ದರು. ನೀವು ಹೇಳಿದ್ದನ್ನೆಲ್ಲ ನನಗೆ ತಿಳಿದ ಹಾಗೆ ಹೇಳಿದೆ. ಬಂಕಿನ ಡೀಸೆಲ್ ಕತೆ ಅವರಿಗೆ ಬಹಳ ಹಿಡಿಸಿತು, ಇಂಡಿಯಾದಲ್ಲೂ ಹೀಗೇನಾ ಅಂತ ಎರಡು ಸಲ ಕೇಳಿದರು. ಕೊಳ್ಳುವ ಯೋಚನೆ ಸದ್ಯಕ್ಕಿಲ್ಲವಂತೆ. ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿ ಕೇಂದ್ರ ಸರ್ಕಾರದ ಮೀನುಗಾರಿಕೆ ವಿಜ್ಞಾನಿಗಳು ಈ ಪೆಟ್ಟಿಗೆಗಳನ್ನು ಲೈಬ್ರರಿ ಪುಸ್ತಕದ ಹಾಗೆ ಎರವಲು ಕೊಡುತ್ತಾರೆ, ಅಲ್ಲಿಂದ ಐದು ತಂದು ಒಂದು ಸೀಸನ್ ನೋಡುತ್ತೇನೆ ಅಂದರು. ಸ್ಟರ್ನ್‌ಮನ್ ಹುಡುಗನಿಗೆ ಆ ದಿನಗಳಲ್ಲಿ ಪಾಲಿನ ಬದಲು ದಿನಗೂಲಿ ಕೊಡುತ್ತಾರಂತೆ. ಹಾಗೆ ಮಾಡಿದರೆ ಅವನು ನೌಕರ ಆಗಿಬಿಡುತ್ತಾನೆ, ಸಂಬಳದ ತೆರಿಗೆಯ ಲೆಕ್ಕ ಬೇರೆ ಶುರು ಆಗುತ್ತದೆ ಅಂದೆ. ತಲೆ ಮೇಲೆ ಕೈ ಹೊತ್ತುಕೊಂಡರು.

ಬಾಗಿಲ ಹತ್ತಿರ ಹೋದವರು ತಿರುಗಿ, ಎರವಲು ತಂದ ಪೆಟ್ಟಿಗೆಯನ್ನು ಫಾರಂನಲ್ಲಿ ಯಾವ ಸಾಲಿನಲ್ಲಿ ತೋರಿಸಬೇಕು ಅಂದರು. ಯಾವ ಸಾಲೂ ಇಲ್ಲ ಅಂದೆ.